ಸೊಂಟ ನೋವಿಗೆ ಸ್ಟ್ರೆಚಿಂಗ್ ಮಾಡಿದಷ್ಟೂ ಜಾಸ್ತಿ ಆಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಸೂಜಿದಾರ, ತಿಪಟೂರು

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಹದಿನೆಂಟು ವರ್ಷದಿಂದ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಜಿಗ್‌ಜಾಗ್, ಏನು ಬಂದರೂ ಸರಿ. ಮದುವೆ ಸೀಸನ್ ಶುರುವಾದರೆ ದಿನಕ್ಕೆ ಒಂಬತ್ತು ಗಂಟೆ ಮಷಿನ್ ಮುಂದೆ. ಮೊದಲು ಕಾಲಲ್ಲಿ ತುಳಿಯುತ್ತಿದ್ದೆ, ಈಗ ನಾಲ್ಕು ವರ್ಷದಿಂದ ಮೋಟರ್ ಹಾಕಿಸಿದ್ದೇನೆ, ಬಲಗಾಲು ಇಡೀ ದಿನ ಪೆಡಲ್ ಮೇಲೇ ಇರುತ್ತದೆ. ಬಟ್ಟೆ ಕಟಿಂಗ್ ಮಾಡುವುದು ನೆಲದ ಮೇಲೆ, ಬಗ್ಗಿಕೊಂಡು.

ಆರು ತಿಂಗಳಿಂದ ಸೊಂಟ ನೋವು. ಮೊದಮೊದಲು ಸಂಜೆ ಮಾತ್ರ ಇತ್ತು. ಈಗ ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರ ಆಗುತ್ತದೆ. ಇಲ್ಲೇ ಒಬ್ಬ ಡಾಕ್ಟರ ಹತ್ತಿರ ತೋರಿಸಿದೆ, ಸ್ಕ್ಯಾನ್ ಬರೆದುಕೊಟ್ಟರು, ಬೆನ್ನುಮೂಳೆಗಳ ನಡುವಿನ ಮೆತ್ತೆ, ಡಿಸ್ಕ್ ಅಂತಾರಲ್ಲ, ಅದು ಸ್ವಲ್ಪ ಉಬ್ಬಿದೆ ಅಂತ ರಿಪೋರ್ಟ್ ಬಂತು. ಮಾತ್ರೆ ಕೊಟ್ಟು ಕೆಲಸ ಕಡಿಮೆ ಮಾಡಿ ಅಂದರು. ಕೆಲಸ ಕಡಿಮೆ ಮಾಡಿದರೆ ಮಗಳ ಕಾಲೇಜು ಫೀಸು ಯಾರು ಕಟ್ಟುತ್ತಾರೆ ಹೇಳಿ.

ಹಾಗಾಗಿ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಸ್ಟ್ರೆಚಿಂಗ್ ಶುರು ಮಾಡಿದೆ. ಎರಡು ತಿಂಗಳಾಯಿತು, ಒಂದು ದಿನವೂ ಬಿಟ್ಟಿಲ್ಲ. ಮಾಡುವಾಗ ಹಾಯೆನಿಸುತ್ತದೆ. ಆದರೆ ರಾತ್ರಿ ನೋವು ಮೊದಲಿಗಿಂತ ಜಾಸ್ತಿ. ಇನ್ನೂ ಜೋರಾಗಿ ಎಳೆಯಬೇಕಾ, ಅಥವಾ ಬಿಡಬೇಕಾ? ಯಾರಿಗಾದರೂ ಹೀಗೆ ಆಗಿದೆಯಾ?

ಹಳೇ ಸ್ಪ್ಲೆಂಡರ್

ಅಕ್ಕ, ನಮ್ಮ ಅಜ್ಜಿ ಹೇಳುತ್ತಿದ್ದರು, ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟಕ್ಕೆ ಮೂರು ಸಲ ಒದೆಸಿಕೊಂಡರೆ ಉಳುಕು ಬಿಟ್ಟುಹೋಗುತ್ತದೆ ಅಂತ. ನಮ್ಮ ಚಿಕ್ಕಪ್ಪ ಹಾಗೆ ಹುಟ್ಟಿದವರು. ಭಾನುವಾರ ಬಂತೆಂದರೆ ಮನೆ ಮುಂದೆ ಕ್ಯೂ ಇರುತ್ತಿತ್ತು. ಕಾಫಿ ಕುಡಿದು ಒದೆಸಿಕೊಂಡು ಹೋಗುತ್ತಿದ್ದರು. ವಾಸಿ ಆಗುತ್ತಿತ್ತು ಅನ್ನುವುದು ಮಾತ್ರ ಸತ್ಯ, ನಗಬೇಡಿ.

ಕೀಲು ಕೀಲಿ (ಫಿಸಿಯೋ, ಹುಬ್ಬಳ್ಳಿ)

ನಗುವುದಿಲ್ಲ ಸಾರ್. ಏಕಾಏಕಿ ಹಿಡಿದುಕೊಂಡ ಸೊಂಟ ಬಹಳಷ್ಟು ಜನಕ್ಕೆ ಕೆಲವು ದಿನಗಳಿಂದ ಕೆಲವು ವಾರದೊಳಗೆ ತಾನಾಗೇ ಬಿಡುತ್ತದೆ. ಆ ಹೊತ್ತಿಗೆ ಯಾರು ಒದ್ದಿರುತ್ತಾರೋ ಅವರಿಗೆ ಹೆಸರು. ನಮ್ಮ ಕ್ಲಿನಿಕ್‌ಗಳಿಗೂ ಸುಮಾರು ಹೆಸರು ಹೀಗೇ ಬಂದಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅಕ್ಕನದು ಆರು ತಿಂಗಳ ನೋವು, ಅದು ಬೇರೆ ಲೆಕ್ಕ.

ಅಕ್ಕ, ಮೊದಲು ಒಂದು ವಿಷಯ. ನಮ್ಮ ಭಾಷೆಯಲ್ಲಿ "ಸೊಂಟ ನೋವು" ಅನ್ನುವುದು ಬಹಳ ದೊಡ್ಡ ಚೀಲ. ಬೆನ್ನಿನ ಕೆಳಭಾಗ ನೋಯ್ದರೂ ಸೊಂಟ, ಪಕ್ಕದ ಮೂಳೆ ನೋಯ್ದರೂ ಸೊಂಟ, ಕೂರುವ ಜಾಗ ನೋಯ್ದರೂ ಸೊಂಟ, ತೊಡೆಸಂದಿಯಲ್ಲಿ ನೋಯ್ದರೂ ಸೊಂಟ. ಈ ನಾಲ್ಕೂ ಜಾಗದ ನೋವಿಗೆ ಕಾರಣ ಬೇರೆ, ವ್ಯಾಯಾಮವೂ ಬೇರೆ. ಒಂದಕ್ಕೆ ಒಳ್ಳೆಯದಾದ ಸ್ಟ್ರೆಚ್ ಇನ್ನೊಂದಕ್ಕೆ ಕೆಟ್ಟದ್ದು. ವಿಡಿಯೋ ಮಾಡಿದವರಿಗೆ ನಿಮಗೆ ಎಲ್ಲಿ ನೋವು ಅಂತ ಹೇಗೆ ಗೊತ್ತಾಗಬೇಕು?

ಇದಕ್ಕೆ ಉತ್ತರ ಕೊಡಿ:

ಒಂದೇ ಬೆರಳಿನಲ್ಲಿ ನೋವಿನ ಜಾಗ ತೋರಿಸಿ ಅಂದರೆ ಎಲ್ಲಿ ತೋರಿಸುತ್ತೀರಿ? ಗೋಡೆಗೆ ಒಂದು ಬೆರಳು ತಾಗಿಸಿಕೊಂಡು ಬಲಗಾಲ ಮೇಲೆ ಮಾತ್ರ 30 ಸೆಕೆಂಡ್ ನಿಂತರೆ ಏನಾಗುತ್ತದೆ? ಕಾಲಲ್ಲಿ ಜೋಮು, ಉರಿ, ಕರೆಂಟ್ ಹೊಡೆದ ಹಾಗೆ ಇದೆಯಾ? ಯಾವ ಯಾವ ಸ್ಟ್ರೆಚ್ ಮಾಡುತ್ತಿದ್ದೀರಿ?

ಇನ್ನೊಂದು, ಇದು ಎಲ್ಲರಿಗೂ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲು ಆಗದೆ ಚಪ್ಪಲಿ ಜಾರುತ್ತಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನುನೋವು, ಇವನ್ನೂ ಸ್ಟ್ರೆಚಿಂಗ್‌ನಲ್ಲಿ ನೋಡಿಕೊಳ್ಳೋಣ ಅನ್ನಬೇಡಿ.

ಸೂಜಿದಾರ, ತಿಪಟೂರು

ಮೂತ್ರದ ತೊಂದರೆ, ಜ್ವರ ಏನೂ ಇಲ್ಲ. ಜೋಮು ಇಲ್ಲ.

ಜಾಗ ಹೇಳುತ್ತೇನೆ. ನನಗೆ ಟೈಲರ್ ಭಾಷೆಯಲ್ಲೇ ಹೇಳಲು ಬರುವುದು. ಬೆರಳಲ್ಲಿ ತೋರಿಸು ಅಂದರೆ ಬಲಗಡೆ ಪ್ಯಾಂಟಿಗೆ ಸೈಡ್ ಜೇಬು ಹೊಲಿಯುತ್ತೇವಲ್ಲ, ಆ ಜೇಬಿನ ತಳ ಬರುವ ಜಾಗ. ಅಲ್ಲಿ ಒಂದು ಮೂಳೆ ಉಬ್ಬಿಕೊಂಡಿದೆ, ಒತ್ತಿದರೆ ಜೀವ ಹೋಗುತ್ತದೆ. ರಾತ್ರಿ ಎಚ್ಚರ ಆಗುವುದು ಅದರಿಂದಲೇ, ಬಲಮಗ್ಗುಲು ಮಲಗೋಕೇ ಆಗುವುದಿಲ್ಲ. ಇದು ಬಿಟ್ಟು ಲಂಗದ ಲಾಡಿ ಕಟ್ಟುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಹಿಂದುಗಡೆ, ಅಡ್ಡಕ್ಕೆ ಒಂದು ಪಟ್ಟಿಯ ಹಾಗೆ ಮಂದ ನೋವು. ಅದು ಕಟಿಂಗ್ ಮಾಡಿದ ದಿನ ಜಾಸ್ತಿ. ಇಷ್ಟು ದಿನ ಎರಡೂ ಒಂದೇ ಅಂದುಕೊಂಡಿದ್ದೆ!

ಒಂಟಿಕಾಲಲ್ಲಿ ನಿಂತು ನೋಡಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಅದೇ ಜೇಬಿನ ಜಾಗದಲ್ಲಿ ಚುಚ್ಚಲು ಶುರುವಾಯಿತು. ಎಡಗಾಲಲ್ಲಿ ಏನೂ ಇಲ್ಲ.

ಸ್ಟ್ರೆಚ್ ಮೂರು ಮಾಡುತ್ತೇನೆ. ಅಂಗಾತ ಮಲಗಿ ಬಲಮಂಡಿಯನ್ನು ಎಡಭುಜದ ಕಡೆ ಎಳೆದುಕೊಳ್ಳುವುದು. ಒಂದು ಕಾಲನ್ನು ಇನ್ನೊಂದರ ಮೇಲೆ ಅಂಕಿ ನಾಲ್ಕರ ಹಾಗೆ ಹಾಕಿ ಎಳೆಯುವುದು. ಮತ್ತೆ ನಿಂತುಕೊಂಡು ಬಲಗಾಲನ್ನು ಎಡಗಾಲ ಹಿಂದಿನಿಂದ ದಾಟಿಸಿ ಪಕ್ಕಕ್ಕೆ ವಾಲುವುದು. ಮೂರನೆಯದರಲ್ಲಿ ಸರಿಯಾಗಿ ನೋವಿನ ಜಾಗಕ್ಕೇ ಎಳೆತ ಸಿಗುತ್ತದೆ ಅಂತ ಅದನ್ನೇ ಜಾಸ್ತಿ ಮಾಡುತ್ತಿದ್ದೆ.

ಕೀಲು ಕೀಲಿ (ಫಿಸಿಯೋ, ಹುಬ್ಬಳ್ಳಿ)

ಜೇಬಿನ ತಳ! ಇಷ್ಟು ಸರಿಯಾಗಿ ನಮ್ಮ ವಿದ್ಯಾರ್ಥಿಗಳೂ ಜಾಗ ಹೇಳುವುದಿಲ್ಲ ಅಕ್ಕ.

ನೋಡದೆ ಇದೇ ಅಂತ ಹೇಳುವುದು ತಪ್ಪು, ಹತ್ತಿರದ ಒಬ್ಬ ಫಿಸಿಯೋಗೆ ಒಮ್ಮೆ ತೋರಿಸಿ. ಆದರೆ ನೀವು ಹೇಳಿದ ಲಕ್ಷಣ ನೋಡಿದರೆ ಇಲ್ಲಿ ಎರಡು ನೋವು ಇವೆ. ಪಕ್ಕದ್ದು ಡಿಸ್ಕಿನದ್ದೂ ಅಲ್ಲ, ಕೀಲಿನದ್ದೂ ಅಲ್ಲ. ಒಳಗಿನ ಕೀಲು ಕೆಟ್ಟಿದ್ದರೆ ನೋವು ಸಾಮಾನ್ಯವಾಗಿ ಮುಂದೆ ತೊಡೆಸಂದಿಯಲ್ಲಿ ಬರುತ್ತದೆ. ನೀವು ತೋರಿಸಿದ ಉಬ್ಬು ಮೂಳೆ ತೊಡೆಮೂಳೆಯ ಮೇಲ್ತುದಿ. ನಡೆಯುವಾಗ ಸೊಂಟ ಒಂದು ಕಡೆ ವಾಲದ ಹಾಗೆ ಹಿಡಿಯುವ ಸ್ನಾಯುಗಳು ಅಲ್ಲಿಗೆ ಬಂದು ಅಂಟಿಕೊಳ್ಳುತ್ತವೆ, ಅಂಟಿಸುವ ಗಟ್ಟಿ ಪಟ್ಟಿಗೆ ಟೆಂಡನ್ ಅನ್ನುತ್ತಾರೆ. ಆ ಟೆಂಡನ್ ಕೆರಳಿದರೆ ಹೀಗೇ ಆಗುತ್ತದೆ: ಆ ಮಗ್ಗುಲು ಮಲಗಲಾಗದು, ಮೆಟ್ಟಿಲು ಹತ್ತುವಾಗ ಚುಚ್ಚುತ್ತದೆ, ಒಂಟಿಕಾಲಲ್ಲಿ ನಿಂತರೆ ನೋವು. 40ರಿಂದ 60 ವರ್ಷದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ.

ಈಗ ನಿಮ್ಮ ಸ್ಟ್ರೆಚ್‌ಗೆ ಬರೋಣ. ಕಾಲು ದೇಹದ ನಡುಗೆರೆ ದಾಟಿ ಆ ಕಡೆ ಹೋದಾಗ ಈ ಟೆಂಡನ್ ಮೂಳೆಗೆ ಒತ್ತಿಕೊಳ್ಳುತ್ತದೆ. ನಿಮ್ಮ ಮಂಡಿ ಭುಜಕ್ಕೆ ಎಳೆಯುವುದರಲ್ಲೂ, ಕಾಲು ದಾಟಿಸಿ ವಾಲುವುದರಲ್ಲೂ ಆಗುತ್ತಿರುವುದು ಅದೇ. ಅಂದರೆ ನೊಂದ ಜಾಗವನ್ನು ದಿನಾ ಎರಡು ತಿಂಗಳು ಮೂಳೆಗೆ ಅದುಮಿದ್ದೀರಿ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ತುರಿಕೆ ಕೆರೆದಾಗ ಅನಿಸುವ ಹಾಗೆ. ಬಿಲ್ಲು ರಾತ್ರಿ ಬರುತ್ತದೆ.

ಹಾಗಾಗಿ ಜೋರಾಗಿ ಎಳೆಯುವುದು ಬೇಡ. ಮೂರನ್ನೂ ಇವತ್ತಿನಿಂದ ನಿಲ್ಲಿಸಿ. ನೋವಿರುವ ಜಾಗ ಬಿಗಿಯಾಗಿಯೇ ಇರಬೇಕು, ಅದನ್ನು ಎಳೆದು ಬಿಡಿಸಬೇಕು ಅನ್ನುವುದು ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ಎಷ್ಟೋ ಸಲ ಅದು ಬಿಗಿಯಲ್ಲ, ಸೋತಿರುತ್ತದೆ. ಸೋತದ್ದಕ್ಕೆ ಬೇಕಿರುವುದು ಬಲ.

ಪಕ್ಕದ ನೋವಿಗೆ ಹೀಗೆ ಮಾಡಿ. ಅಂಗಾತ ಮಲಗಿ ಮಂಡಿ ಮಡಚಿ, ಮಂಡಿಗಿಂತ ಸ್ವಲ್ಪ ಮೇಲೆ ತೊಡೆಗಳ ಸುತ್ತ ಒಂದು ದುಪಟ್ಟಾ ಕಟ್ಟಿ. ಎರಡೂ ತೊಡೆಯನ್ನು ಹೊರಗಡೆಗೆ ಮೆಲ್ಲಗೆ ಒತ್ತಿ 10-15 ಸೆಕೆಂಡ್ ಹಿಡಿದು ಬಿಡಿ. ಐದು ಸಲ. ಪೂರ್ತಿ ಶಕ್ತಿ ಹಾಕಬೇಡಿ. ಆಮೇಲೆ ಅದೇ ಭಂಗಿಯಲ್ಲಿ ಸೊಂಟ ಎತ್ತಿ ಇಳಿಸುವುದು, ಸೇತುಬಂಧಾಸನದ ಹಾಗೆ, ಹತ್ತು ಸಲ. ಕುರ್ಚಿಯಿಂದ ಕೈ ಊರದೆ ನಿಧಾನ ಏಳುವುದು ಕೂರುವುದು, ಹತ್ತು ಸಲ. ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವು ಬಂದರೆ ಪರವಾಗಿಲ್ಲ. ಆದರೆ ಆ ರಾತ್ರಿ, ಮಾರನೇ ಬೆಳಗ್ಗೆ ಮಾಮೂಲಿಗಿಂತ ಜಾಸ್ತಿ ಆಗಬಾರದು. ಹಾಗೇನಾದರೂ ಆದರೆ ನೀವು ಮಾಡಿದ್ದು ಹೆಚ್ಚಾಯಿತು ಅಂತ, ಮಾರನೇ ದಿನ ಅರ್ಧ ಮಾಡಿ.

ರಾತ್ರಿ ಎಡಮಗ್ಗುಲು ಮಲಗಿ, ಮಂಡಿಯಿಂದ ಪಾದದವರೆಗೆ ಎರಡು ಕಾಲಿನ ನಡುವೆ ದಿಂಬು ಇಟ್ಟುಕೊಳ್ಳಿ. ದಿಂಬು ಇಲ್ಲದಿದ್ದರೆ ಬಲಗಾಲು ಮುಂದಕ್ಕೆ ಬಿದ್ದು ಮತ್ತೆ ಅದೇ ಎಳೆತ. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ಹಾಲು ಉಕ್ಕುವುದನ್ನು ಕಾಯುತ್ತಾ ಒಂದೇ ಕಾಲ ಮೇಲೆ ಭಾರ ಬಿಟ್ಟು ಸೊಂಟ ವಾಲಿಸಿ ನಿಲ್ಲುತ್ತೇವಲ್ಲ, ಅದನ್ನೂ ಬಿಡಿ. ಚಕ್ಕಳಮಕ್ಕಳ ಕೂತರೆ ಪರವಾಗಿಲ್ಲ, ಅದರಲ್ಲಿ ಮಂಡಿ ಹೊರಗೆ ಹೋಗುತ್ತದೆ.

ಇದು ನನ್ನ ಸ್ವಂತ ಬುದ್ಧಿ ಅಲ್ಲ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ನೋವಿನ 204 ಜನರನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಹೀಗೆ ಕೂರಬೇಡಿ, ಹಾಗೆ ನಿಲ್ಲಬೇಡಿ ಅನ್ನುವ ತಿಳಿವಳಿಕೆ ಜೊತೆಗೆ ವ್ಯಾಯಾಮ, ಇನ್ನೊಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಮತ್ತೊಂದಕ್ಕೆ ಸುಮ್ನೆ ಕಾಯುವುದು. ಎಂಟು ವಾರದ ಹೊತ್ತಿಗೆ ಚೆನ್ನಾಗಿ ಸುಧಾರಿಸಿದೆ ಅಂದವರು ಮೊದಲ ಗುಂಪಿನಲ್ಲಿ ಶೇ 77, ಇಂಜೆಕ್ಷನ್‌ನವರಲ್ಲಿ ಶೇ 58ರ ಆಸುಪಾಸು, ಕಾದವರಲ್ಲಿ ಶೇ 29.

ಇನ್ನು ಲಾಡಿ ಜಾಗದ ನೋವು. ಇದಕ್ಕೆ ಸ್ಟ್ರೆಚಿಂಗ್ ಖಂಡಿತ ಉಪಯೋಗ. ನೀವು ಒಂಬತ್ತು ಗಂಟೆ ಕೂತಾಗ ತೊಡೆ ಮುಂದಕ್ಕೆ ಮಡಚಿಕೊಂಡೇ ಇರುತ್ತದೆ. ಸೊಂಟದ ಮೂಳೆಗಳಿಂದ ಹೊರಟು ತೊಡೆಗೆ ಸೇರುವ ದೊಡ್ಡ ಸ್ನಾಯು ಒಂದಿದೆ, ಅದು ಚಾಚಿಕೊಳ್ಳುವ ಅವಕಾಶವೇ ಇಲ್ಲ. ಮಡಚಿದ ಬೆಡ್‌ಶೀಟ್ ಮೇಲೆ ಬಲಮಂಡಿ ಊರಿ, ಎಡಪಾದ ಮುಂದಿಡಿ. ಮುಂದಕ್ಕೆ ನುಗ್ಗುವ ಮೊದಲು ಬಾಲ ಒಳಗೆ ಎಳೆದುಕೊಂಡ ನಾಯಿಯ ಹಾಗೆ ಸೊಂಟವನ್ನು ಒಳಗೆ ಮಡಚಿ. ಇದೇ ಮುಖ್ಯ. ಆಮೇಲೆ ಎರಡೇ ಇಂಚು ಮುಂದೆ ಹೋದರೂ ಬಲತೊಡೆಯ ಮುಂಭಾಗದಲ್ಲಿ ಎಳೆತ ಗೊತ್ತಾಗುತ್ತದೆ. 30 ಸೆಕೆಂಡ್, ಎರಡು ಸಲ, ಆಮೇಲೆ ಇನ್ನೊಂದು ಕಾಲು. ಹೆಚ್ಚಿನವರು ಸೊಂಟ ಬಾಗಿಸಿ ಮುಂದೆ ನುಗ್ಗುತ್ತಾರೆ, ಆಗ ತೊಡೆ ಎಳೆಯುವ ಬದಲು ಬೆನ್ನೇ ಚಿವುಟಿಕೊಳ್ಳುತ್ತದೆ.

ಡಿಸ್ಕ್ ರಿಪೋರ್ಟ್ ಬಗ್ಗೆ ಹೆದರಬೇಡಿ. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. ಅದರಲ್ಲಿ 40 ವರ್ಷದವರ ಪೈಕಿ ಅರ್ಧ ಜನಕ್ಕೆ ಡಿಸ್ಕ್ ಉಬ್ಬಿತ್ತು. ಕೂದಲು ನೆರೆತ ಹಾಗೆ ಅದು.

ಮಡಿಸಿದ ಜಮಖಾನ, ಮೈಸೂರು

ಯೋಗ ಹೇಳಿಕೊಡುತ್ತೇನೆ. ಫಿಸಿಯೋ ಸಾರ್ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ, ಎರಡು ಮಾತು ಸೇರಿಸುತ್ತೇನೆ.

ಬೆಳಗ್ಗೆ ಎದ್ದ ತಕ್ಷಣ ಬಗ್ಗಿ ಪಾದ ಮುಟ್ಟುವ ಅಭ್ಯಾಸ ಬೇಡ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಊದಿರುತ್ತವೆ, ಬೆಳಗ್ಗೆ ನಾವು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಎತ್ತರ ಇರುತ್ತೇವೆ. ಆ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕ್ ಮೇಲೆ ಒತ್ತಡ ಹೆಚ್ಚು. ನಾನೇ ವರ್ಷಗಟ್ಟಲೆ ಆರು ಗಂಟೆಯ ಕ್ಲಾಸಿನಲ್ಲಿ ಮೊದಲಿಗೇ ಪಾದಹಸ್ತಾಸನ ಮಾಡಿಸುತ್ತಿದ್ದೆ. ಬೆನ್ನು ನೋವಿನವರು ಒಂದು ವಾರ ಬಂದು ಆಮೇಲೆ ಬರುತ್ತಲೇ ಇರಲಿಲ್ಲ. ಶಿಸ್ತು ಇಲ್ಲದ ಜನ ಅಂತ ಬೈದುಕೊಳ್ಳುತ್ತಿದ್ದೆ. ಈಗ ಎದ್ದು ಒಂದು ಗಂಟೆ ಓಡಾಡಿದ ಮೇಲೆ ಮಾಡಿ ಅನ್ನುತ್ತೇನೆ. ಮೊದಲು ಕೈಮಂಡಿ ಊರಿ ಬೆಕ್ಕಿನ ಹಾಗೆ ಬೆನ್ನು ಮೇಲೆ ಕೆಳಗೆ ಆಡಿಸುವುದು, ಎಂಟು ಹತ್ತು ಸಲ. ಕೊನೆವರೆಗೂ ಒತ್ತಬೇಡಿ, ಎಣ್ಣೆ ಹಾಕಿದ ಬಾಗಿಲು ಆಡಿದ ಹಾಗೆ ಆಡಿದರೆ ಸಾಕು.

ಎರಡನೆಯದು, ಸಲಕರಣೆ ಬಳಸಲು ನಾಚಿಕೆ ಬೇಡ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು, ಮೈಸೂರಿನಲ್ಲೇ ಕೃಷ್ಣಮಾಚಾರ್ಯರ ಹತ್ತಿರ ಕಲಿತವರು. ಬೆಲ್ಟು, ಇಟ್ಟಿಗೆಯಂಥ ಮರದ ತುಂಡು, ಕುರ್ಚಿ, ಹಗ್ಗ ಎಲ್ಲವನ್ನೂ ಆಸನಕ್ಕೆ ಬಳಸುವುದನ್ನು ಹೆಸರುವಾಸಿ ಮಾಡಿದವರು ಅವರೇ. ದೇಹ ಆಸನಕ್ಕೆ ಬಗ್ಗದಿದ್ದರೆ ಆಸನವನ್ನೇ ದೇಹದ ಹತ್ತಿರ ತರುವುದು. ತೊಡೆಯ ಹಿಂಭಾಗ ಬಿಗಿ ಇದ್ದವರು ಅಂಗಾತ ಮಲಗಿ ಪಾದಕ್ಕೆ ಪಂಚೆಯನ್ನೋ ದುಪಟ್ಟಾವನ್ನೋ ಸಿಕ್ಕಿಸಿ ಕಾಲು ನೇರ ಮೇಲೆತ್ತಿ, ಮಂಡಿ ಸ್ವಲ್ಪ ಬಗ್ಗಿದ್ದರೂ ಸರಿ. ಬೆನ್ನು ನೆಲದ ಮೇಲೆ ಭದ್ರವಾಗಿರುವುದರಿಂದ ಇದರಲ್ಲಿ ಅಪಾಯ ಕಡಿಮೆ.

ಕೀಲು ಕೀಲಿ (ಫಿಸಿಯೋ, ಹುಬ್ಬಳ್ಳಿ)

ಚೆನ್ನಾಗಿ ಹೇಳಿದಿರಿ ಮೇಡಂ. ಪಂಚೆ ಸಿಕ್ಕಿಸಿ ಎಳೆಯುವುದಕ್ಕೆ ಒಂದು ಎಚ್ಚರಿಕೆ ಮಾತ್ರ: ತೊಡೆ ಹಿಂದೆ ಎಳೆತ ಬಂದರೆ ಸ್ನಾಯು. ಮೀನಖಂಡದಲ್ಲಿ, ಪಾದದಲ್ಲಿ ಜುಮ್ಮೆಂದರೆ ಅದು ನರ. ಕೆರಳಿದ ನರವನ್ನು ಎಳೆದು ಹಿಡಿದರೆ ಇನ್ನೂ ಕೆರಳುತ್ತದೆ, ಅಂಥವರು ಬಿಡಿ.

ನಿವೃತ್ತ ಮೇಷ್ಟ್ರು, ಧಾರವಾಡ

ನನಗೆ ಈಗ 71. ನನ್ನ ಕಥೆ ಉಲ್ಟಾ ನೋಡ್ರಿ. ನಡೆದರೆ ಎರಡೂ ಕಾಲು ಭಾರ ಆಗಿ ಜೋಮು ಹಿಡಿಯುತ್ತಿತ್ತು. ಐದು ನಿಮಿಷ ಕಟ್ಟೆ ಮೇಲೆ ಕೂತರೆ ಏನೂ ಆಗಿಲ್ಲ ಅನ್ನುವ ಹಾಗೆ ಹೋಗುತ್ತಿತ್ತು. ಮಾರ್ಕೆಟ್ಟಿಗೆ ನಡೆದು ಹೋಗಲು ಆಗುತ್ತಿರಲಿಲ್ಲ, ಆದರೆ ಸೈಕಲ್ ಹೊಡೆದುಕೊಂಡು ಎಷ್ಟು ದೂರ ಬೇಕಾದರೂ ಹೋಗುತ್ತಿದ್ದೆ! ಮನೆಯವಳು ನಾಟಕ ಅಂದಳು, ತರಕಾರಿ ತರುವುದು ತಪ್ಪಿಸಿಕೊಳ್ಳಲು.

ಒಬ್ಬರು ಭುಜಂಗಾಸನ, ಅಂದರೆ ಬೋರಲು ಮಲಗಿ ಎದೆ ಎತ್ತಿ ಹಿಂದಕ್ಕೆ ಬಾಗುವುದು, ಅದನ್ನು ಮಾಡಿ, ಬೆನ್ನಿಗೆ ಅದಕ್ಕಿಂತ ಮದ್ದಿಲ್ಲ ಅಂದರು. ಮಾಡಿದೆ. ಹದಿನೈದು ದಿನಕ್ಕೆ ಮನೆಯೊಳಗೆ ನಡೆಯುವುದೂ ಕಷ್ಟ ಆಯಿತು. ಆಮೇಲೆ ದೊಡ್ಡ ಡಾಕ್ಟರು ನೋಡಿ ಹೇಳಿದರು, ವಯಸ್ಸಿನಿಂದ ಬೆನ್ನುಮೂಳೆಯೊಳಗಿನ ದಾರಿ ಕಿರಿದಾಗಿದೆ, ಹಿಂದಕ್ಕೆ ಬಾಗಿದರೆ ಇನ್ನೂ ಕಿರಿದಾಗುತ್ತದೆ, ಮುಂದಕ್ಕೆ ಬಾಗಿದರೆ ಅಗಲ ಆಗುತ್ತದೆ ಅಂತ. ಸೈಕಲ್ ಯಾಕೆ ಸರಿಯಾಗುತ್ತಿತ್ತು ಅಂತ ಆಗ ತಿಳಿಯಿತು, ಹ್ಯಾಂಡಲ್ ಹಿಡಿದು ಮುಂದೆ ಬಾಗಿರುತ್ತಿದ್ದೆ. ಈಗ ದಿನಾ ಮಲಗಿ ಮಂಡಿ ಎದೆಗೆ ತರುವುದು, ಸ್ವಲ್ಪ ಹೊಟ್ಟೆಯ ಬಲದ ವ್ಯಾಯಾಮ. ಮಾರ್ಕೆಟ್ಟಿಗೆ ನಡುವೆ ಒಂದೇ ಸಲ ಕೂತು ಹೋಗುತ್ತೇನೆ. ತರಕಾರಿ ನಾನೇ ತರುವುದು.

ಕೀಲು ಕೀಲಿ (ಫಿಸಿಯೋ, ಹುಬ್ಬಳ್ಳಿ)

ಮೇಷ್ಟ್ರೇ, ನಿಮಗೆ ಆಗದ ಅದೇ ಹಿಂಬಾಗು ಇನ್ನೊಂದು ಥರದ ನೋವಿನವರಿಗೆ ಸಂಜೀವಿನಿ. ನ್ಯೂಜಿಲೆಂಡಿನಲ್ಲಿ ರಾಬಿನ್ ಮೆಕೆಂಜಿ ಅಂತ ಒಬ್ಬ ಫಿಸಿಯೋ ಇದ್ದರು. 1956ರಲ್ಲಿ ಅವರ ಕ್ಲಿನಿಕ್‌ಗೆ ಬಂದ ಒಬ್ಬ ರೋಗಿಗೆ ಕಾಲಿಗೆ ಇಳಿಯುವ ನೋವು. ಒಳಗೆ ಹೋಗಿ ಮಂಚದ ಮೇಲೆ ಬೋರಲು ಮಲಗಿರಿ ಅಂದರು. ಮಂಚದ ತಲೆಭಾಗ ಹಿಂದಿನ ರೋಗಿಗೋಸ್ಕರ ಎತ್ತಿದ್ದು ಹಾಗೇ ಇತ್ತು. ಆತ ಅದರ ಮೇಲೇ ಬೋರಲು ಮಲಗಿಬಿಟ್ಟ, ಬೆನ್ನು ಪೂರ್ತಿ ಹಿಂದಕ್ಕೆ ಬಾಗಿ. ಆಗಿನ ಕಾಲಕ್ಕೆ ಅದು ಮಾಡಲೇಬಾರದ ಭಂಗಿ. ಮೆಕೆಂಜಿ ಗಾಬರಿಯಿಂದ ನೋಡಿದರೆ ಆತ ಕಾಲು ನೋವು ಹೋಗಿದೆ, ವಾರಗಳಿಂದ ಇಷ್ಟು ಚೆನ್ನಾಗಿ ಇರಲಿಲ್ಲ ಅಂದ. ಒಂದು ಇಡೀ ಪದ್ಧತಿ ಹುಟ್ಟಿದ್ದು ಹೀಗೆ ಎಡವಟ್ಟಿನಿಂದ.

ಅದರಿಂದ ಬಂದ ಒಂದು ಅಳತೆ ಎಲ್ಲರಿಗೂ ಕೆಲಸಕ್ಕೆ ಬರುತ್ತದೆ. ಯಾವ ಸ್ಟ್ರೆಚ್ ಮಾಡಿದರೆ ನೋವು ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಮೇಲೆ ಹತ್ತುತ್ತದೋ ಅದು ನಿಮ್ಮದು, ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನಿಸಿದರೂ ಸರಿ. ಯಾವುದು ಮಾಡಿದರೆ ನೋವು ಕೆಳಗೆ ಇಳಿಯುತ್ತದೋ ಅದು ನಿಮ್ಮದಲ್ಲ.

ರಾತ್ರಿ ಶಿಫ್ಟ್, ಬೆಂಗಳೂರು

ನನ್ನದೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಈಗ 27. 23ನೇ ವಯಸ್ಸಿನಿಂದ ಸೊಂಟ, ಕೂರುವ ಜಾಗ, ಒಂದು ದಿನ ಎಡಕ್ಕೆ ಒಂದು ದಿನ ಬಲಕ್ಕೆ. ಎಲ್ಲರೂ ಕೂತು ಮಾಡುವ ಕೆಲಸ ಅಲ್ವಾ ಅಂದರು, ನಾನೂ ಹಾಗೇ ಅಂದುಕೊಂಡೆ. ಬೆಳಗಿನ ಜಾವ ನೋವಿಗೆ ಎಚ್ಚರ, ಎದ್ದ ಮೇಲೆ ಮುಕ್ಕಾಲು ಗಂಟೆ ಮರದ ಕೊರಡಿನ ಹಾಗೆ. ಸ್ಟ್ರೆಚ್ ಮಾಡಿ ಓಡಾಡಿದರೆ ಬಿಡುತ್ತಿತ್ತು. ವಿಚಿತ್ರ ಅಂದರೆ ರಜೆ ದಿನ ಮಲಗಿದ್ದರೆ ಜಾಸ್ತಿ, ಕ್ರಿಕೆಟ್ ಆಡಿದರೆ ಕಡಿಮೆ. ಸ್ಟ್ರೆಚ್‌ಗೆ ಬಿಡುತ್ತದಲ್ಲ ಅಂತ ಮೂರು ವರ್ಷ ಕಳೆದೆ. ಕೊನೆಗೆ ರುಮಟಾಲಜಿಸ್ಟ್ (ಸಂಧಿವಾತದ ಡಾಕ್ಟರು) ಹತ್ತಿರ ಹೋದಾಗ ರಕ್ತದಲ್ಲಿ ಎಚ್‌ಎಲ್‌ಎ-ಬಿ27 (ಈ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ ಗುರುತು) ಪಾಸಿಟಿವ್, ಎಂಆರ್‌ಐನಲ್ಲಿ ಸೊಂಟದ ಹಿಂದಿನ ಕೀಲುಗಳಲ್ಲಿ ಊತ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಉರಿಯೂತದ ಸಂಧಿವಾತ. ಈಗ ಔಷಧಿ ಜೊತೆಗೆ ವ್ಯಾಯಾಮ, ಚೆನ್ನಾಗಿದ್ದೇನೆ. ಚಿಕ್ಕ ವಯಸ್ಸು, ಬೆಳಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ, ವಿಶ್ರಾಂತಿಗೆ ಜಾಸ್ತಿ ಚಲನೆಗೆ ಕಡಿಮೆ, ಮೂರು ತಿಂಗಳಿಗಿಂತ ಹೆಚ್ಚು ದಿನ ಅಂದರೆ ಒಮ್ಮೆ ತೋರಿಸಿ. ವ್ಯಾಯಾಮ ನನಗೆ ಕೆಡುಕು ಮಾಡಲಿಲ್ಲ, ಕಾಯಿಲೆಯನ್ನು ಮುಚ್ಚಿಟ್ಟಿತು ಅಷ್ಟೆ.

ದಮ್ಮಾಮ್ ಡ್ರೈವರ್

ಸಾರ್, ನಾನು ಮೂಡಬಿದ್ರೆ ಕಡೆಯವನು, ಇಲ್ಲಿ ಸೌದಿಯಲ್ಲಿ ಟ್ರೈಲರ್ ಓಡಿಸುತ್ತೇನೆ. 38 ವರ್ಷ. ನನ್ನದು ಮುಂದೆ, ತೊಡೆಸಂದಿಯಲ್ಲಿ ನೋವು. ತೋರಿಸು ಅಂದರೆ ಹೆಬ್ಬೆರಳು ಹಿಂದೆ, ಬೆರಳು ಮುಂದೆ ಮಾಡಿ ಇಡೀ ಸೊಂಟ ಹಿಡಿದು ತೋರಿಸುತ್ತೇನೆ. ನಾಲ್ಕು ತಿಂಗಳಾಯಿತು. ಸಾಕ್ಸ್ ಹಾಕಲು ಕಾಲು ಬರುವುದಿಲ್ಲ, ಊಟಕ್ಕೆ ನೆಲದ ಮೇಲೆ ಕೂರಲು ಆಗುವುದಿಲ್ಲ. ಎರಡು ವರ್ಷದ ಹಿಂದೆ ಚರ್ಮದ ಕಾಯಿಲೆಗೆ ಸುಮಾರು ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಳ್ಳುತ್ತೇನೆ. ಚಿಟ್ಟೆ ಥರ ಕಾಲು ಆಡಿಸುವ ಸ್ಟ್ರೆಚ್ ಮಾಡಿದರೆ ಬಿಡುತ್ತದಾ?

ಕೀಲು ಕೀಲಿ (ಫಿಸಿಯೋ, ಹುಬ್ಬಳ್ಳಿ)

ಬೇಡ ಮಾರಾಯ್ರೆ, ಒತ್ತಾಯದಿಂದ ಯಾವುದನ್ನೂ ಮಾಡಬೇಡಿ. ಕೈಯಲ್ಲಿ ಹಿಡಿದು ತೋರಿಸಿದಿರಲ್ಲ, ಕೀಲಿನ ಒಳಗಿನ ನೋವಿನವರು ಹಾಗೇ ತೋರಿಸುತ್ತಾರೆ. ಸ್ಟೀರಾಯ್ಡ್‌ಗೂ ಇದಕ್ಕೂ ಸಂಬಂಧ ಇರಬಹುದು. ಸ್ಟೀರಾಯ್ಡ್ ಜಾಸ್ತಿ ತಗೊಂಡವರಲ್ಲಿ, ಕುಡಿತ ಜಾಸ್ತಿ ಇರುವವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಕಡಿಮೆಯಾಗಿ ಮೂಳೆ ಒಳಗಿನಿಂದ ಸಾಯುವುದುಂಟು. ಕೋವಿಡ್ ನಂತರ ನಮ್ಮ ದೇಶದಲ್ಲೂ ಇಂಥ ಕೇಸುಗಳು ಸುದ್ದಿಯಾಗಿದ್ದವು. ನಿಮ್ಮದು ಅದೇ ಅಂತ ಹೇಳುತ್ತಿಲ್ಲ. ಆದರೆ ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಎಂಆರ್‌ಐನಲ್ಲಿ ಗೊತ್ತಾಗುತ್ತದೆ. ಮೂಳೆ ಡಾಕ್ಟರಿಗೆ ತೋರಿಸಿ, ಸ್ಟೀರಾಯ್ಡ್ ತಗೊಂಡ ವಿಷಯ ನೀವಾಗೇ ಹೇಳಿ. ಊರಿಗೆ ಬರುವವರೆಗೆ ಕಾಯಬೇಡಿ.

ದಮ್ಮಾಮ್ ಡ್ರೈವರ್

ಸರಿ ಸಾರ್. ಗುರುವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ.

ಹಳೇ ಸ್ಪ್ಲೆಂಡರ್

ಇಷ್ಟೆಲ್ಲ ಓದಿದ ಮೇಲೆ ಸ್ಟ್ರೆಚಿಂಗ್ ಮಾಡುವುದೇ ಬೇಡವೇನೋ ಅನಿಸುತ್ತಿದೆ. ಚಿಕ್ಕಪ್ಪನೇ ವಾಸಿ.

ಕೀಲು ಕೀಲಿ (ಫಿಸಿಯೋ, ಹುಬ್ಬಳ್ಳಿ)

ಹಾಗಲ್ಲ ಸಾರ್. ಸುಮ್ನೆ ಹಾಸಿಗೆ ಹಿಡಿದು ಮಲಗುವುದಕ್ಕಿಂತ ಏನಾದರೂ ಚಲನೆ ಇರುವುದು ಸಾಮಾನ್ಯವಾಗಿ ಮೇಲು. ಎಳೆತ ಹಿತವಾಗಿದ್ದು, ಮಾರನೇ ದಿನವೂ ಹಿತವಾಗಿದ್ದರೆ ಮಾಡಿ. ಚಿಕ್ಕಪ್ಪನಿಗೆ ಈಗ ಎಷ್ಟು ವಯಸ್ಸು?

ಹಳೇ ಸ್ಪ್ಲೆಂಡರ್

74. ಅವರಿಗೇ ಸೊಂಟ ನೋವು. ಒದೆಯಲು ಕಾಲು ಎತ್ತಲು ಆಗುವುದಿಲ್ಲ.

ಸೂಜಿದಾರ, ತಿಪಟೂರು

ಏಳು ವಾರ ಆಯಿತು, ಬರೆಯಬೇಕು ಅಂತ ಅನಿಸಿತು.

ಮೊದಲು ಎರಡು ವಾರ ಏನೂ ಗೊತ್ತಾಗಲಿಲ್ಲ, ಸ್ಟ್ರೆಚ್ ಬಿಟ್ಟಿದ್ದಕ್ಕೆ ಮನಸ್ಸಿಗೇ ಕಿರಿಕಿರಿ. ಟಿವಿ ನೋಡುವಾಗ ಕಾಲು ತಾನಾಗೇ ದಾಟಿಕೊಂಡು ಹೋಗುತ್ತಿತ್ತು, ಮಗಳು ಸ್ಕೇಲ್ ತಗೊಂಡು ತಟ್ಟುತ್ತಿದ್ದಳು. ಮೂರನೇ ವಾರ ಒಂದು ರಾತ್ರಿ ಪೂರ್ತಿ ನಿದ್ದೆ ಬಂತು. ಈಗ ವಾರದಲ್ಲಿ ಒಂದೋ ಎರಡೋ ರಾತ್ರಿ ಮಾತ್ರ ಎಚ್ಚರ ಆಗುತ್ತದೆ. ಒಂಟಿಕಾಲಲ್ಲಿ 30 ಎಣಿಸಬಹುದು, ಕೊನೆಗೆ ಸ್ವಲ್ಪ ಚುಚ್ಚುತ್ತದೆ. ಬಲಮಗ್ಗುಲು ಇನ್ನೂ ಹತ್ತು ನಿಮಿಷಕ್ಕಿಂತ ಜಾಸ್ತಿ ಆಗುವುದಿಲ್ಲ. ಇಲ್ಲಿ ಒಬ್ಬ ಫಿಸಿಯೋ ಮೇಡಂ ಹತ್ತಿರ ತೋರಿಸಿದೆ, ಅವರೂ ಟೆಂಡನ್ ಅಂತಲೇ ಹೇಳಿದರು. ಹನ್ನೆರಡು ವಾರವಾದರೂ ಬಿಡದೆ ಮಾಡಬೇಕಂತೆ.

ಲಾಡಿ ಜಾಗದ ನೋವು ಮುಕ್ಕಾಲು ಪಾಲು ಹೋಗಿದೆ. ಅದಕ್ಕೆ ಸ್ಟ್ರೆಚ್ ಎಷ್ಟು ಕಾರಣವೋ ಟೇಬಲ್ಲೂ ಅಷ್ಟೇ ಕಾರಣ ಅನಿಸುತ್ತದೆ. ನೆಲದ ಮೇಲೆ ಕಟಿಂಗ್ ಬಿಟ್ಟೆ. ಹಳೇ ಬಾಗಿಲೊಂದು ಅಟ್ಟದ ಮೇಲಿತ್ತು, ಬಡಗಿ ಹತ್ತಿರ ಕಾಲು ಹೊಡೆಸಿದೆ, 800 ರೂಪಾಯಿ ಆಯಿತು. ಒಂದು ಬ್ಲೌಸ್ ಮುಗಿದರೆ ಎದ್ದು ನಿಲ್ಲುವುದು, ಕಾಜಾ ಗುಂಡಿ ಕೆಲಸ ನಿಂತೇ ಮಾಡುವುದು. ಮಷಿನ್ ಪೆಡಲ್ ಬಲಗಡೆ ಮೂಲೆಯಲ್ಲಿ ಇತ್ತು, ಅದನ್ನು ನಡುವಿಗೆ ಸರಿಸಿಕೊಂಡೆ, ಈಗ ಕಾಲು ನೇರ ಬರುತ್ತದೆ. ಇಷ್ಟು ವರ್ಷ ಯಾಕೆ ಸರಿಸಲಿಲ್ಲವೋ.

ಹೋದ ವಾರ ಒಂದೇ ಮನೆಯವರ ಹದಿನಾರು ಬ್ಲೌಸ್ ಮೂರು ದಿನದಲ್ಲಿ ಕೊಟ್ಟೆ, ಮತ್ತೆ ಎರಡು ರಾತ್ರಿ ನೋವು. ವ್ಯಾಯಾಮ ಅರ್ಧ ಮಾಡಿದೆ, ಆಮೇಲೆ ಇಳಿಯಿತು.

ನಾಲ್ಕನೇ ಗುಂಡಿ, ಶಿರಸಿ

ಅಕ್ಕ, ನಾನೂ ಟೈಲರ್, ನೆಲದ ಮೇಲೇ ಕಟಿಂಗ್. ಟೇಬಲ್ ಎತ್ತರ ಎಷ್ಟು ಇಟ್ಟಿರಿ?

ಸೂಜಿದಾರ, ತಿಪಟೂರು

35 ಇಂಚು. ನಾನು ಐದಡಿ ಎರಡಿಂಚು ಇದ್ದೇನೆ. ಮೊದಲು 30 ಇಂಚಿಗೆ ಹೊಡೆಸಿದ್ದೆ, ಮತ್ತೆ ಬಗ್ಗಬೇಕಾಯಿತು, ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದು. ನೇರ ನಿಂತು ಕತ್ತರಿ ಹಿಡಿದಾಗ ಮೊಣಕೈ ಟೇಬಲ್ಲಿಗಿಂತ ಸ್ವಲ್ಪ ಮೇಲೆ ಇರಬೇಕು, ಹಾಗೆ ನೋಡಿಕೊಂಡು ಬಡಗಿಗೆ ಹೇಳಿ.